ಕ್ರೌರ್ಯದ ನಗೆಗೆ ಎಷ್ಟು ಆಯುಷ್ಯ?

ಫಾಲ್ಗುಣ ಮಾಸದಲ್ಲಿ, ಹೋಳಿ ಹುಣ್ಣಿಮೆ ಸಮೀಪಿಸುತ್ತಿರುವಂತೆ, ಅಂಕೋಲೆಯ ಸುತ್ತಣ ಕೊಪ್ಪಗಳಿಂದ ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ತಂಡಗಳು ತಲೆಗೆ ತುರಾಯಿ ಕಟ್ಟಿ, ಗುಮಟೆಯ ನಾದಕ್ಕೆ ಹೆಜ್ಜೆಯಿಡುತ್ತ ಮನೆಮನೆಯ ಅಂಗಳಕ್ಕೆ ಬರುವುದನ್ನು ಕಂಡವರು, ಸುಗ್ಗಿಯ ಕಾಲದ ಹಗರಣವನ್ನೂ ಬಲ್ಲರು. ಊರ ಮಂದಿಯೇ ವೇಷ ಹಾಕಿ ಊರ ಮಂದಿಯನ್ನು ಅಣಕಿಸುವ, ಅಧಿಕಾರಿಯ ದರ್ಪವನ್ನೂ ಸಿರಿವಂತನ ಜಿಪುಣತನವನ್ನೂ ಬೀದಿಗೆಳೆಯುವ ಈ ವಿನೋದದಲ್ಲಿ ಸಭ್ಯತೆಯ ಎಲ್ಲೆ ದಾಟಿದ ಮಾತಿಗೂ ಅವಕಾಶವುಂಟು. ಕಾಳಿ ನದಿಯಾಚೆ ಚಿತ್ತಾಕುಲ, ಸದಾಶಿವಗಡ, ಮಾಜಾಳಿಗಳ ಕಡೆಗೆ ಕೊಂಕಣಿಗರು ಆಚರಿಸುವ ಶಿಗ್ಮೋದಲ್ಲಿಯೂ ನಾಲಗೆಗೆ ಇಂಥದೇ ಸಡಿಲವಾದ ಹಗ್ಗ. ಕಾಮನನ್ನು ಸುಟ್ಟ ಬೂದಿ ಆರಿದ ಮೇಲೆ ಆ ಮಾತುಗಳನ್ನು ಯಾರೂ ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ. ಮರುವರ್ಷ ಅವೇ ಮಾತುಗಳನ್ನು ಯಾರೂ ಮರಳಿ ಆಡುವುದೂ ಇಲ್ಲ.

ಇದೇ ಕರಾವಳಿಯ ಒಂದು ತಲೆಮಾರಿನ ಹುಡುಗರು, 21ನೆಯ ಶತಮಾನದ ಮೊದಲ ದಶಕದಲ್ಲಿ, ಸೈಬರ್ ಕೆಫೆಯ ಇಕ್ಕಟ್ಟಾದ ಗೂಡುಗಳಲ್ಲಿ ಕುಳಿತು ಬೇರೊಂದು ಬಗೆಯ ಉದ್ಧಟ ಹಾಸ್ಯವನ್ನು ಸವಿದರು. ವಿಡಿಯೋ ಗೇಮಿನ ಆ ಹಾಸ್ಯದಲ್ಲಿ ದಾರಿಹೋಕನ ಮೇಲೆ ಕಾರು ಹಾಯುವುದು ತಮಾಷೆ. ಶತ್ರುವಿನ ರುಂಡ ಹಾರುವುದು ತಮಾಷೆ. ಸತ್ತವನ ಕುರಿತು ನಾಯಕನು ಆಡುವ ಒರಟು ಮಾತು ಅದಕ್ಕಿಂತ ದೊಡ್ಡ ತಮಾಷೆ. ಆ ಹುಡುಗರು ಇಂದು ಮಕ್ಕಳೊಂದಿಗರಾಗಿದ್ದಾರೆ. ಅವರು ಆಡಿದ ಆಟಗಳಲ್ಲಿ ಹಲವು ಹೊಸ ಬಣ್ಣ ಬಳಿದುಕೊಂಡು ಮತ್ತೆ ಮಾರಾಟಕ್ಕೆ ಬಂದಿವೆ. ಅಂದು ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಆ ಕ್ರೌರ್ಯವು ಇಂದೂ ನಗಿಸಬಲ್ಲದೆ, ಇಲ್ಲವಾದರೆ ಕೆಟ್ಟದ್ದು ಹಾಸ್ಯವೋ ಅಥವಾ ಬದಲಾದದ್ದು ನಮ್ಮ ಅಭಿರುಚಿಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಹಾಸ್ಯದ ವಂಶಾವಳಿ ಸಾಕಷ್ಟು ಹಳೆಯದು. 1976ರಲ್ಲಿ ಅಮೆರಿಕೆಯ ಎಕ್ಸಿಡಿ ಎಂಬ ಸಂಸ್ಥೆ ‘ಡೆತ್ ರೇಸ್’ ಎಂಬ ಆಟವನ್ನು ಹೊರತಂದಿತು. ಕಪ್ಪು ತೆರೆಯ ಮೇಲೆ ಬಿಳಿಯ ಕಡ್ಡಿಯಂತಹ ಆಕೃತಿಗಳು ಓಡಾಡುವುವು. ಕಾರು ಅವುಗಳ ಮೇಲೆ ಹರಿದೊಡನೆ ಒಂದು ಚೀರಾಟ ಕೇಳಿಸಿ, ಆ ಸ್ಥಳದಲ್ಲಿ ಶಿಲುಬೆಯೊಂದು ಮೂಡುವುದು. ಅವು ಮನುಷ್ಯರಲ್ಲ, ಪಿಶಾಚಿಗಳೆಂದು ತಯಾರಕರು ಸಾಧಿಸಿದರೂ ಜನ ಒಪ್ಪಲಿಲ್ಲ. ಪ್ರತಿಭಟನೆಯಾಯಿತು, ಪ್ರತಿಭಟನೆಯೇ ಪ್ರಚಾರವೂ ಆಯಿತು. 1992ರ ‘ಮಾರ್ಟಲ್ ಕಾಂಬ್ಯಾಟ್’ ಸೋತವನ ಬೆನ್ನುಮೂಳೆಯನ್ನು ರುಂಡ ಸಹಿತ ಕೀಳುವುದನ್ನು ತೋರಿಸಿದಾಗ ವಿಷಯ ಅಮೆರಿಕೆಯ ಸೆನೆಟ್ಟಿನವರೆಗೂ ಹೋಗಿ, 1993ರ ಡಿಸೆಂಬರಿನಲ್ಲಿ ಬಹಿರಂಗ ವಿಚಾರಣೆ ನಡೆದು, ಮರುವರ್ಷವೇ ಆಟಗಳಿಗೆ ವಯೋಮಾನದ ಚೀಟಿ ಅಂಟಿಸುವ ಮಂಡಲಿ ಸ್ಥಾಪಿತವಾಯಿತು. ಪಾದಚಾರಿಗಳನ್ನು ಕೊಂದಷ್ಟೂ ಅಂಕ ಕೊಡುವ 1997ರ ‘ಕಾರ್ಮಗೆಡನ್’ ಆಟಕ್ಕೆ ಬ್ರಿಟನ್ನಿನ ಚಿತ್ರಪರೀಕ್ಷಕರು ಪ್ರಮಾಣಪತ್ರ ನಿರಾಕರಿಸಲಾಗಿ, ತಯಾರಕರು ಮನುಷ್ಯರನ್ನು ಹಸಿರು ರಕ್ತದ ಪ್ರೇತಗಳನ್ನಾಗಿ ಮಾರ್ಪಡಿಸಿದರು. ಜರ್ಮನಿಯಲ್ಲಿ ಅವರು ಯಂತ್ರಮಾನವರಾದರು. ಮೇಲ್ಮನವಿಯಲ್ಲಿ ಜಯ ದೊರೆತ ತರುವಾಯ ಬ್ರಿಟನ್ನಿನಲ್ಲಿ ರಕ್ತ ಮತ್ತೆ ಕೆಂಪಾಯಿತು. ರಕ್ತದ ಬಣ್ಣವನ್ನು ಕುರಿತ ಈ ಗಂಭೀರ ವ್ಯಾಜ್ಯವೇ ಆಟದೊಳಗಿನ ಯಾವ ವಿನೋದಕ್ಕಿಂತಲೂ ಹೆಚ್ಚು ನಗೆಯನ್ನು ತರುವುದೆಂಬುದು ಇಂದು ಹಿಂದಿರುಗಿ ನೋಡುವವರ ಅನುಭವ.

ನಿಷೇಧಿಸಿದ್ದನ್ನು ಮಾಡಿದಾಗ ಹುಟ್ಟುವ ನಗೆ ನಿಷೇಧ ಎಷ್ಟು ಬಲವಾಗಿದೆಯೋ ಅಷ್ಟು ಬಲವಾಗಿರುತ್ತದೆ. ನಿಷೇಧ ಸಡಿಲಿದಂದು ಅದರ ಬೇರು ಒಣಗುತ್ತದೆ. ರಕ್ತವನ್ನು ತೆರೆಯ ಮೇಲೆ ತೋರಿಸುವುದೇ ಸಾಹಸವಾಗಿದ್ದ ದಿನಗಳಲ್ಲಿ ಒಂದು ರುಂಡ ಹಾರಿದರೆ ಕೋಣೆಯೆಲ್ಲ ಕೇಕೆ ಹಾಕುತ್ತಿತ್ತು. ಅಂಗೈಯ ಫೋನಿನಲ್ಲಿಯೇ ಎಲ್ಲವೂ ಕಾಣಸಿಗುವ ಇಂದು ಅದೇ ರುಂಡಕ್ಕೆ ಯಾರೂ ತಲೆಯೆತ್ತುವುದಿಲ್ಲ. ಇದಕ್ಕೆ ‘ಡ್ಯೂಕ್ ನ್ಯೂಕೆಮ್’ ಸರಣಿಗಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು. 1996ರಲ್ಲಿ ಬಂದ ಅದರ ಪ್ರಸಿದ್ಧ ಆಟದಲ್ಲಿ, ಸಿಗಾರು ಕಚ್ಚಿದ ಠೇಂಕಾರದ ನಾಯಕನು ಅಂದಿನ ಹಾಲಿವುಡ್ ವೀರರ ಅಣಕವಾಗಿ ಎಲ್ಲರಿಗೂ ಪ್ರಿಯನಾದನು. 1997ರಲ್ಲಿ ಘೋಷಿತವಾದ ಮುಂದಿನ ಆಟ ಹೊರಬರಲು 2011 ಆಗಬೇಕಾಯಿತು. ಅಷ್ಟರಲ್ಲಿ ಅವನು ಅಣಕಿಸುತ್ತಿದ್ದ ವೀರರೇ ಮುದುಕರಾಗಿದ್ದರು. ಅನ್ಯಲೋಕದ ಜೀವಿಗಳ ಸೆರೆಯಲ್ಲಿ ನರಳುತ್ತಿರುವ ಸ್ತ್ರೀಯರ ನಡುವೆ ನಿಂತು ಅವನು ಹಾರಿಸಿದ ಚಟಾಕಿ, ವಿಮರ್ಶಕರಿಗೆ ನಗೆಯನ್ನಲ್ಲ, ಹೇವರಿಕೆಯನ್ನು ತರಿಸಿತು. ಬೆಳಗಿನ ಬಂಗಡೆ ಸಂಜೆಗೆ ಹಳಸುವಂತೆ ಹಳಸಿದ ಸರಕನ್ನು, ಹದಿನಾಲ್ಕು ವರ್ಷ ಇಟ್ಟುಕೊಂಡು ಮಾರಲು ಹೊರಟ ವ್ಯಾಪಾರವದು.

ಹಾಗೆಂದು ಈ ಬಗೆಯ ಹಾಸ್ಯವೆಲ್ಲ ನಿರ್ಜೀವವಾಯಿತೆನ್ನುವುದೂ ಸರಿಯಲ್ಲ. 2003ರಲ್ಲಿ ಬಂದ ‘ಪೋಸ್ಟಲ್ 2’ ಎಂಬ ಕುಖ್ಯಾತ ಆಟವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನ್ಯೂಜಿಲೆಂಡು ಅದನ್ನು ನಿಷೇಧಿಸಿತು. ಬೆಕ್ಕೊಂದನ್ನು ಬಂದೂಕಿನ ನಳಿಗೆಗೆ ಸಿಕ್ಕಿಸಿ ಸದ್ದಡಗಿಸುವ ಅದರ ಅಸಹ್ಯ ವಿನೋದ ಇಂದಿಗೂ ಉದಾಹೃತವಾಗುತ್ತದೆ. ಆದರೆ ಆಟದ ಕಥೆಯಾದರೂ ಏನು? ಸೋಮವಾರದಿಂದ ಶುಕ್ರವಾರದವರೆಗೆ ಒಬ್ಬ ಸಾಮಾನ್ಯನು ಮನೆಗೆಲಸದ ಪಟ್ಟಿ ಹಿಡಿದು ಊರು ಸುತ್ತಬೇಕು: ಸಂಬಳದ ಚೆಕ್ ತರಬೇಕು, ಬ್ಯಾಂಕಿಗೆ ಹೋಗಿ ಅದನ್ನು ನಗದು ಮಾಡಿಸಬೇಕು, ಹಾಲು ಕೊಳ್ಳಬೇಕು. ಬ್ಯಾಂಕಿನಲ್ಲಿ ಸರತಿಯ ಸಾಲು. ಸಾಲು ಆಮೆಯ ನಡಿಗೆಯಲ್ಲಿ ಸರಿಯುತ್ತದೆ. ಆಟಗಾರನ ಕೈಯಲ್ಲಿ ಬಂದೂಕುಂಟು. ಅದನ್ನು ತೆಗೆಯೆಂದು ಆಟ ಒಮ್ಮೆಯೂ ಆಜ್ಞಾಪಿಸುವುದಿಲ್ಲ. ತಾಳ್ಮೆಯಿದ್ದವನು ಒಬ್ಬನನ್ನೂ ಕೊಲ್ಲದೆ ವಾರವನ್ನು ಕಳೆಯಬಹುದು. ಕಚೇರಿಯ ಕಿಟಕಿಯ ಮುಂದೆ ಆಧಾರ್ ತಿದ್ದುಪಡಿಗೋ ಪಹಣಿ ಪತ್ರಕ್ಕೋ ನಿಂತು, ಊಟದ ವೇಳೆಯಾಯಿತು, ಸರ್ವರ್ ಇಲ್ಲ ಎಂಬ ಉತ್ತರ ಕೇಳಿದ ಯಾವ ಕಾರವಾರದವನಿಗೂ ಈ ಹಾಸ್ಯ ವಿವರಣೆಯಿಲ್ಲದೆ ತಿಳಿಯುತ್ತದೆ. ಬೆಕ್ಕಿನ ವಿನೋದ ಸತ್ತಿದೆ, ಸಾಲಿನ ವಿನೋದ ಬದುಕಿದೆ. ಮೊದಲನೆಯದು ನೋಡುವವನನ್ನು ಬೆಚ್ಚಿಬೀಳಿಸುವುದಕ್ಕಾಗಿ ಮಾತ್ರ ಹುಟ್ಟಿದ್ದು. ಎರಡನೆಯದು ಮನುಷ್ಯನ ತಾಳ್ಮೆಯ ಮಿತಿ ಎಲ್ಲಿದೆಯೆಂಬುದನ್ನು ಅವನಿಗೇ ತೋರಿಸಿಕೊಟ್ಟಿದ್ದು.

ನಮ್ಮ ಪೂರ್ವಿಕರು ಈ ಭೇದವನ್ನು ಅರಿಯದವರಲ್ಲ. ಭರತನ ನಾಟ್ಯಶಾಸ್ತ್ರವು ಹಾಸ್ಯವನ್ನು ಹುಟ್ಟಿಸುವ ವಿಭಾವಗಳಲ್ಲಿ ವಿಕೃತವಾದ ವೇಷದೊಡನೆ ಧಾರ್ಷ್ಟ್ಯವನ್ನೂ ಎಣಿಸುತ್ತದೆ; ಅಂದರೆ ಉದ್ಧಟತನಕ್ಕೆ ನಗೆಯ ರಾಜ್ಯದಲ್ಲಿ ಶಾಸ್ತ್ರೋಕ್ತವಾದ ಸ್ಥಾನವುಂಟು. ಉತ್ತರ ಕನ್ನಡದ ಯಕ್ಷಗಾನದಲ್ಲಿ ‘ಕೀಚಕವಧೆ’ಯ ಪ್ರಸಂಗವನ್ನು ನೋಡಿದವರಿಗೆ ಕ್ರೌರ್ಯವೂ ಹಾಸ್ಯವೂ ಒಂದೇ ರಂಗದ ಮೇಲೆ ಹೇಗೆ ಕೂಡಿ ಬಾಳಬಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸೈರಂಧ್ರಿಯು ಕಾದಿರುವಳೆಂಬ ಭ್ರಮೆಯಿಂದ ಕೀಚಕನು ತನ್ನನ್ನು ಸಿಂಗರಿಸಿಕೊಂಡು, ಮೀಸೆ ತಿರುವುತ್ತ, ಹೆಜ್ಜೆ ಹೆಜ್ಜೆಗೂ ತನ್ನ ಚೆಲುವನ್ನು ತಾನೇ ಹೊಗಳಿಕೊಳ್ಳುತ್ತ ಕತ್ತಲೆಯ ನರ್ತನಶಾಲೆಗೆ ಬರುವನು. ಅಲ್ಲಿ ಕುಳಿತಿರುವವನು ಸ್ತ್ರೀವೇಷದ ಭೀಮನೆಂಬುದು ಸಭೆಗೆಲ್ಲ ತಿಳಿದಿದೆ, ಅವನೊಬ್ಬನಿಗೆ ತಿಳಿದಿಲ್ಲ. ಕೋಮಲವಾದೀತೆಂದು ಮುಟ್ಟಿದ ಮೈ ಬಂಡೆಯಂತಿರುವುದನ್ನು ಕಂಡು ಅವನು ತಡವರಿಸುವಾಗ ಸಭೆ ನಗುತ್ತದೆ. ತರುವಾಯ ನಡೆಯುವುದು ಯಾವ ‘ಮಾರ್ಟಲ್ ಕಾಂಬ್ಯಾಟ್’ಗೂ ಕಡಮೆಯದಲ್ಲ: ಕೈಕಾಲು ತಲೆಗಳನ್ನು ಮುಂಡದೊಳಕ್ಕೆ ತುರುಕಿ ಭೀಮನು ಅವನನ್ನು ಮಾಂಸದ ಮುದ್ದೆಯಾಗಿಸುವನು. ಶತಮಾನಗಳಿಂದ ಈ ದೃಶ್ಯ ಹಳಸಿಲ್ಲ. ನಗೆಯ ಆಶ್ರಯ ಅಲ್ಲಿ ಮುದ್ದೆಯಾದ ದೇಹವಲ್ಲ, ಮದದಿಂದ ಕುರುಡಾದ ಮನಸ್ಸು. ಆ ಕುರುಡು ಯಾವ ಕಾಲದಲ್ಲಿಯೂ ಲೋಕದಿಂದ ಮಾಯವಾದುದಿಲ್ಲ.

ಯಕ್ಷಗಾನ ಕಲಿಸುವ ಪಾಠ ಇಷ್ಟೇ ಅಲ್ಲ. ಹೊನ್ನಾವರದ ಕರ್ಕಿಯಲ್ಲಿ ‘ಹಾಸ್ಯಗಾರ’ ಎಂಬುದೇ ಮನೆತನದ ಹೆಸರಾಗಿ ನಿಂತ ಕಲಾವಿದರ ವಂಶವಿದೆ. ಆ ಪಾತ್ರಕ್ಕೆ ಈ ಜಿಲ್ಲೆ ಕೊಟ್ಟ ಗೌರವ ಅಂಥದು. ಪ್ರಸಂಗದ ಪದ್ಯಗಳು ಕವಿ ಬರೆದಂತೆಯೇ ಇರುವುವು, ಹಾಸ್ಯಗಾರನ ಮಾತಾದರೋ ಆಶುವಾಗಿ ಹುಟ್ಟುವುದು. ಪುರಾಣದ ದೂತನ ಬಾಯಲ್ಲಿ ಈ ವರ್ಷದ ಮಳೆ, ಈ ವರ್ಷದ ಚುನಾವಣೆ, ಈ ಊರಿನ ರಸ್ತೆಯ ಹೊಂಡ ಬಂದು ಕುಳಿತುಕೊಳ್ಳುವುವು. ಎಲ್ಲಿ ನಗಿಸಬೇಕು, ಎಲ್ಲಿ ನಾಲಗೆ ಹಿಡಿಯಬೇಕು ಎಂಬ ವಿವೇಕವೂ ಎದುರಿಗಿನ ಸಭೆಯ ಮುಖ ನೋಡಿಯೇ ಅವನಿಗೆ ದೊರೆಯುವುದು. ಉದಾಹರಣೆಗೆ, 2024ರ ಆಗಸ್ಟ್ 7ರ ನಸುಕಿನಲ್ಲಿ ಸದಾಶಿವಗಡಕ್ಕೂ ಕೋಡಿಬಾಗಕ್ಕೂ ನಡುವಣ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದಿತು, ಚಾಲಕನು ಬದುಕುಳಿದನು. ಆ ಸೇತುವೆಯನ್ನು ಕುರಿತು ಚಿತ್ತಾಕುಲದ ಸಭೆಯೆದುರು ಒಬ್ಬ ಹಾಸ್ಯಗಾರ ಗುತ್ತಿಗೆದಾರರನ್ನೂ ಇಲಾಖೆಯವರನ್ನೂ ಸೇರಿಸಿ ಒಂದು ಗಂಟೆ ನಗಿಸಬಲ್ಲನು. ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯ ಜೀವಗಳು ಮಣ್ಣುಪಾಲಾದುವು. ಆ ಸಾವುಗಳನ್ನು ಕುರಿತು ನಗಿಸುವೆನೆಂದು ಹೊರಟವನನ್ನು ಅದೇ ಸಭೆ ರಂಗದಿಂದ ಇಳಿಸೀತು. ಎರಡೂ ಒಂದೇ ಮಳೆಗಾಲದ, ಒಂದೇ ರಸ್ತೆಯ ಸಂಗತಿಗಳು. ನಡುವಣ ಗೆರೆಯನ್ನು ಎಳೆದದ್ದು ಯಾವ ನಿಯಮಾವಳಿಯೂ ಅಲ್ಲ, ನೊಂದವರು ಎದುರಿಗೇ ಕುಳಿತಿರುವರೆಂಬ ಅರಿವು.

ವಿಡಿಯೋ ಗೇಮಿನ ಹಾಸ್ಯಗಾರನಿಗೆ ಈ ಸಭೆಯಿಲ್ಲ. ಅವನ ಮಾತು ಒಮ್ಮೆ ಮುದ್ರಿತವಾದರೆ ಮುಗಿಯಿತು. ಎಂದೋ ಎಲ್ಲಿಯೋ ಯಾರೋ ಅದನ್ನು ತೆರೆದಾಗ, ಅದು ತಾನು ಹುಟ್ಟಿದ ದಿನದ ಧಾರ್ಷ್ಟ್ಯವನ್ನೇ ಬದಲಿಲ್ಲದೆ ಪುನರುಚ್ಚರಿಸುವುದು. ಆದರೂ ಹೊಸ ಪ್ರತಿಗಳಲ್ಲಿ ಮಾತು ತಿದ್ದಿದ್ದುಂಟು. ನಮ್ಮ ಸೈಬರ್ ಕೆಫೆಗಳಲ್ಲಿ ಚಿರಪರಿಚಿತವಾಗಿದ್ದ 2002ರ ‘ವೈಸ್ ಸಿಟಿ’ಯಲ್ಲಿ ಹೈಟಿ ದೇಶದವರ ವಿರುದ್ಧ ಬರುವ ಮಾತೊಂದಕ್ಕೆ ಅಮೆರಿಕೆಯ ಹೈಟಿ ಮೂಲದವರು ಸಿಟ್ಟಿಗೆದ್ದಾಗ, ಮುಂದಿನ ಪ್ರತಿಗಳಿಂದ ಅದನ್ನು ತೆಗೆಯಬೇಕಾಯಿತು. ಅದೇ ಸರಣಿಯ, 2013ರ ‘ಗ್ರ್ಯಾಂಡ್ ಥೆಫ್ಟ್ ಆಟೋ 5’ ಮತ್ತೆ 2022ರಲ್ಲಿ ಹೊಸ ಯಂತ್ರಗಳಿಗಾಗಿ ಸಿದ್ಧವಾದಾಗ, ಲಿಂಗಾಂತರಿಗಳನ್ನು ಗೇಲಿ ಮಾಡುವ ಕೆಲವು ಅಂಶಗಳು ಸದ್ದಿಲ್ಲದೆ ಮಾಯವಾದುವು. ಆ ಸರಣಿಯ ಪ್ರಮುಖ ಲೇಖಕರಲ್ಲೊಬ್ಬನಾದ ಡ್ಯಾನ್ ಹೌಸರ್, 2018ರಲ್ಲಿ, ಲೋಕವೇ ಅತಿರೇಕಕ್ಕೆ ಹೋಗಿರುವಾಗ ವಿಡಂಬನೆ ಬರೆದ ಕ್ಷಣದಲ್ಲೇ ಹಳತಾಗುವುದೆಂಬ ಅರ್ಥದ ಮಾತನ್ನಾಡಿದನು. ಹೀಗೆ ಮಾತು ತೆಗೆದುಹಾಕುವುದನ್ನು ಅಳುಕಿನ ಲಕ್ಷಣವೆಂದು ಹೀಯಾಳಿಸುವವರುಂಟು. ನನಗಾದರೋ ಇದು ಹಾಸ್ಯಗಾರನು ಸಭೆಯ ಮುಖ ನೋಡಿ ಮಾತು ಬದಲಿಸುವುದಕ್ಕೆ, ತಡವಾಗಿಯಾದರೂ, ಸಮಾನವಾದ ಕ್ರಿಯೆಯೆಂದೇ ತೋರುವುದು.

ಹಿಂಸೆಯನ್ನು ನೋಡುವುದಕ್ಕೂ ಗುಂಡಿಯೊತ್ತಿ ಮಾಡುವುದಕ್ಕೂ ಭೇದವಿದೆಯಲ್ಲವೆ ಎಂದು ಕೇಳಬಹುದು. ಭೇದವಿದೆ. ಆದರೂ ಆಟದ ಹಿಂಸೆ ಹುಡುಗರನ್ನು ಕೊಲೆಗಡುಕರನ್ನಾಗಿಸುವುದೆಂಬ ಭೀತಿಗೆ ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕೆಯ ಮನಶ್ಶಾಸ್ತ್ರಜ್ಞರ ಸಂಘವೇ 2020ರಲ್ಲಿ ಹೇಳಿದೆ. ಸಿಡುಕು, ಕೂಗಾಟಗಳಂತಹ ಅಲ್ಪ ಪರಿಣಾಮಗಳನ್ನು ಅದು ಅಲ್ಲಗಳೆದಿಲ್ಲ. ಆದರೆ ಗುಂಡಿಯೊತ್ತುವ ಕೈ ಇರುವುದರಿಂದಲೇ ಆಟಕ್ಕೆ ರಂಗಭೂಮಿಗಿಲ್ಲದ ಒಂದು ಅನುಕೂಲವೂ ಉಂಟು: ನಗುವವನನ್ನೇ ನಗೆಗೀಡುಮಾಡುವ ಶಕ್ತಿ. 1993ರ ‘ಮಾರ್ಟಲ್ ಕಾಂಬ್ಯಾಟ್ 2’ ತನ್ನ ಟೀಕಾಕಾರರಿಗೆ ಉತ್ತರವಾಗಿ ‘ಫ್ರೆಂಡ್‌ಶಿಪ್’ ಎಂಬ ಮುಕ್ತಾಯವನ್ನು ಸೇರಿಸಿತು. ಕೊಲ್ಲೆಂದು ತೆರೆ ಕೂಗುತ್ತಿರುವಾಗ, ಗೆದ್ದವನು ಆಯುಧವೆತ್ತುವ ಬದಲು ಸೋತವನೆದುರು ಕುಣಿದೋ ಉಡುಗೊರೆ ಚಾಚಿಯೋ ಸ್ನೇಹ ತೋರುವನು. ರಕ್ತಕ್ಕಾಗಿ ಕಾದ ಆಟಗಾರನ ಕಾತರವೇ ಅಲ್ಲಿ ಹಾಸ್ಯಕ್ಕೆ ವಸ್ತು. ಹಳೆಯ ರಕ್ತಪಾತಗಳು ಯಾರನ್ನೂ ಬೆಚ್ಚಿಸದ ಈ ಕಾಲದಲ್ಲಿ, 2020ರಲ್ಲಿ ಆ ಮುಕ್ತಾಯವನ್ನು ಸರಣಿಗೆ ಮರಳಿ ತಂದಾಗ ಜನ ಸಂತೋಷದಿಂದ ಸ್ವಾಗತಿಸಿದರು.

ಆದುದರಿಂದ ಕ್ರೂರ ಹಾಸ್ಯಕ್ಕೆ ಇಂದು ಬೆಲೆಯುಂಟೋ ಇಲ್ಲವೋ ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡಲಾಗದು. ಕಾಲದ ಕಟ್ಟಳೆಯನ್ನು ಮುರಿದೆನೆಂಬ ಹೆಮ್ಮೆಯೊಂದೇ ಬಂಡವಾಳವಾಗಿದ್ದ ವಿನೋದ ತೀರಿಹೋಗಿದೆ. ಅದನ್ನು ಎಷ್ಟು ನುಣುಪಾದ ಚಿತ್ರಗಳಲ್ಲಿ ಮರಳಿ ತಂದರೂ ಉಸಿರು ಬರಲಾರದು, ಬರಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಹಗರಣದ ಮಾತಿನಂತೆ ಅದು ಒಂದು ಋತುವಿನ ವಸ್ತು. ಮನುಷ್ಯನ ಮದ, ಅಸಹನೆ, ಆಸೆಬುರುಕತನಗಳ ಮೇಲೆ ನಿಂತ ವಿನೋದ, ಎಷ್ಟು ಒರಟಾಗಿದ್ದರೂ, ಉಳಿದಿದೆ. ಮಕ್ಕಳ ಕೈಯಿಂದ ಫೋನು ಕಸಿಯುವ ತಂದೆತಾಯಿಗಳಿಗೂ, ಕನ್ನಡದಲ್ಲಿಯೇ ಆಟ ಕಟ್ಟಬೇಕೆಂದಿರುವ ತರುಣರಿಗೂ ಉಪಯೋಗಕ್ಕೆ ಬರುವ ಪರೀಕ್ಷೆ ಒಂದಿದೆ: ದೃಶ್ಯದಿಂದ ರಕ್ತವನ್ನು ಒರೆಸಿಹಾಕಿ, ನಗಲು ಇನ್ನೂ ಏನಾದರೂ ಉಳಿಯಿತೇ ಎಂದು ನೋಡುವುದು. ಕೀಚಕನೂ ಬ್ಯಾಂಕಿನ ಸಾಲೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುವುವು, ಡ್ಯೂಕ್ ಆಗುವುದಿಲ್ಲ; ಮನೆಯ ಹುಡುಗ ಇಂದು ಆಡುತ್ತಿರುವ ಆಟ ಯಾವ ಪಂಕ್ತಿಗೆ ಸೇರಿದ್ದೆಂಬುದನ್ನು, ಅವನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಈಗ ನಕ್ಕದ್ದು ಯಾವುದಕ್ಕೆ ಮಾರಾಯಾ ಎಂದು ಅವನನ್ನೇ ಕೇಳಿದರೆ ಸಾಕು.