ಬಾಣಂತಿಯ ಬಿಡುವಿಗೆ ಕೂಲಿ ಕೊಡುವವರು ಯಾರು?



ಈ ಪುಟದಲ್ಲಿ ಸಾಮಾನ್ಯವಾಗಿ ಕೊಳೆರೋಗ, ಬೋರ್ಡೋ ದ್ರಾವಣ, ಧಾರಣೆಗಳ ವಿಚಾರ ಬರೆಯುವವನು ನಾನು. ಈ ಸಲದ ವಿಷಯ ಬೇರೆ. ತೋಟಕ್ಕೂ ಇದಕ್ಕೂ ಏನು ಸಂಬಂಧವೆಂದು ಪುಟ ಮಗುಚಬೇಡಿ, ಸಂಬಂಧವಿದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ರೊಬಸ್ಟಾ ಕೊಯ್ಲಿನ ಕಾಲ. ನಮ್ಮ ಲೈನಿನಲ್ಲಿದ್ದ ಹೆಂಗಸೊಬ್ಬಳು ಹೆರಿಗೆಯಾದ ಹದಿನೆಂಟನೆಯ ದಿನ ಕೂಸನ್ನು ಅತ್ತೆಯ ಬಳಿ ಬಿಟ್ಟು ಕೆಲಸಕ್ಕೆ ಬಂದಳು. "ಮನೇಲಿ ಕೂತ್ರೆ ಅಕ್ಕಿ ತರೋರು ಯಾರು, ಅಯ್ಯಾ?" ಎಂದಳು. ನನಗೂ ಆಳಿನ ಅಭಾವ. ಕೆಲಸ ಕೊಟ್ಟದ್ದನ್ನು ಉಪಕಾರವೆಂದೇ ಭಾವಿಸಿದೆ. ಸಂಜೆ ಹಣ್ಣಿನ ಮೂಟೆ ಹೊತ್ತು ಕಣಕ್ಕೆ ತಂದಳು. ಎರಡು ವರ್ಷದೊಳಗೆ ಅವಳ ಗರ್ಭಕೋಶ ಜಾರಿತು. ನಡುನೋವು ಬಿಡಲಿಲ್ಲ. ಮೂವತ್ತೈದು ತುಂಬುವ ಮೊದಲೇ ಹೊರೆ ಹೊರುವ ಕೆಲಸ ಅವಳಿಂದ ಆಗದಾಯಿತು. ನಮ್ಮ ಮನೆಯಾಕೆ ಮಾತ್ರ ಹೆರಿಗೆಯ ನಂತರ ಮೂರು ತಿಂಗಳು ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಬಂದಿದ್ದಳು. ಬಾಣಂತನದ ಬೆಲೆ ನಮಗೆ ಗೊತ್ತಿರಲಿಲ್ಲವೆಂದಲ್ಲ. ಲೈನಿನವರಿಗೂ ಅದು ಬೇಕೆಂದು ತೋಚಲಿಲ್ಲ.

ಹೆರಿಗೆಯಾದ ಮೇಲೆ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು. ನಮ್ಮ ಹಿರಿಯರು ಹೇಳುತ್ತಿದ್ದ ನಲವತ್ತು ದಿನದ ಲೆಕ್ಕವೂ ಹೆಚ್ಚು ಕಡಿಮೆ ಅಷ್ಟೇ. ಅದರ ಮೇಲೆ, ನಮ್ಮ ರಾಜ್ಯದ ಹೆಂಗಸರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ಇಂಥ ಮೈಗೆ ಬಿಡುವು ಔಷಧಿಯಷ್ಟೇ ಮುಖ್ಯ.

ಬಿಡುವು ಕೊಟ್ಟರೆ ಸಾಕು, ಸಂಬಳ ಏಕೆ ಎಂದು ಕೇಳುವವರುಂಟು. ಇದಕ್ಕೆ ನಾರ್ವೆ ದೇಶದ ಅನುಭವ ಉತ್ತರ ಕೊಡುತ್ತದೆ. ಅಲ್ಲಿ ಮೊದಲು ತಾಯಂದಿರಿಗೆ 12 ವಾರಗಳ ರಜೆಯಿತ್ತು, ಸಂಬಳವಿರಲಿಲ್ಲ. 1977ರ ಜುಲೈ 1ರಿಂದ 18 ವಾರಗಳ ಸಂಬಳಸಹಿತ ರಜೆ ಜಾರಿಗೆ ಬಂತು. ಆ ದಿನಾಂಕಕ್ಕೆ ತುಸು ಮೊದಲು ಹೆತ್ತವರನ್ನೂ ತುಸು ನಂತರ ಹೆತ್ತವರನ್ನೂ ಅವರಿಗೆ ನಲವತ್ತರ ವಯಸ್ಸು ಸಮೀಪಿಸಿದಾಗ ಸಂಶೋಧಕರು ಹೋಲಿಸಿ ನೋಡಿದರು. ಸಂಬಳದ ರಜೆ ಸಿಕ್ಕಿದವರ ರಕ್ತದೊತ್ತಡ, ಮೈತೂಕ, ಮೈಕೈ ನೋವು, ಮನಸ್ಸಿನ ಆರೋಗ್ಯ ಎಲ್ಲವೂ ಉತ್ತಮವಾಗಿದ್ದವು. ಹೆಚ್ಚು ಪ್ರಯೋಜನ ಪಡೆದವರು ಚೊಚ್ಚಲ ತಾಯಂದಿರು ಮತ್ತು ಬಡವರು. ಸಂಬಳವಿಲ್ಲದ ರಜೆಯನ್ನು ಅವರು ತೆಗೆದುಕೊಳ್ಳುವ ಹಾಗೇ ಇರಲಿಲ್ಲ. ರಜೆ ಬೆಳೆಯುತ್ತ ಹೋದಂತೆ ಹೆಚ್ಚುವರಿ ಲಾಭ ಕಡಿಮೆಯಾಗುತ್ತದೆ ಎಂಬುದೂ ಕಂಡುಬಂತು. ಅಂದರೆ ಮೊದಲ ವಾರಗಳೇ ಅತಿ ಮುಖ್ಯ.

ತಂದೆಯ ಪಾತ್ರವೂ ಇದರಲ್ಲಿದೆ. ಸ್ವೀಡನ್ನಿನಲ್ಲಿ 2012ರಲ್ಲಿ ಬಂದ ನಿಯಮದಂತೆ, ತಾಯಿ ರಜೆಯಲ್ಲಿರುವಾಗಲೇ ತಂದೆಯೂ ಬೇಕೆನಿಸಿದ ದಿನಗಳಲ್ಲಿ, ಒಟ್ಟು 30 ದಿನಗಳವರೆಗೆ, ಸಂಬಳಸಹಿತ ಮನೆಯಲ್ಲಿರಬಹುದಾಗಿತ್ತು. ಈ ನಿಯಮ ಬಂದ ಮೇಲೆ ಹೆರಿಗೆ ನಂತರದ ತೊಡಕುಗಳಿಗಾಗಿ ತಾಯಂದಿರು ವೈದ್ಯರ ಬಳಿ ಹೋಗುವುದೂ, ಕಳವಳಕ್ಕೆ ಮಾತ್ರೆ ನುಂಗುವುದೂ ಕಡಿಮೆಯಾದವು.

ನಮ್ಮ ದೇಶದಲ್ಲೂ ಕಾನೂನು ಇಲ್ಲದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆ ಮೊದಲಿನಿಂದಲೂ ಪ್ಲಾಂಟೇಶನ್‌ಗಳನ್ನು ಹೆಸರಿಸಿತ್ತು. 2017ರಲ್ಲಿ ಮೊದಲ ಎರಡು ಮಕ್ಕಳಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಉಳಿಸಿಕೊಂಡಿತು. ಆದರೆ ಪ್ಲಾಂಟೇಶನ್ ಎನಿಸಿಕೊಳ್ಳಲು ಕಾಫಿ ತೋಟ 5 ಹೆಕ್ಟೇರ್, ಅಂದರೆ ಸುಮಾರು ಹನ್ನೆರಡೂವರೆ ಎಕರೆಯಾದರೂ ಇರಬೇಕು. ಕಾಯಿದೆ ನೇರವಾಗಿ ಹೆಸರಿಸಿರುವ ಬೆಳೆಗಳು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ. ಅಡಿಕೆಯ ಹೆಸರು ಅಲ್ಲಿಲ್ಲ. ಹೀಗಾಗಿ ಮೂರು ನಾಲ್ಕು ಎಕರೆಯ ನಮ್ಮ ತೋಟಗಳಿಗೆ ಬರುವ ಹೆಂಗಸರು ಕಾನೂನಿನ ಬೇಲಿಯ ಹೊರಗೇ ಉಳಿದಿದ್ದಾರೆ. ಆಳಿಲ್ಲದೆ ತಾವೇ ಅಡಿಕೆ ಸುಲಿಯುವ ನಮ್ಮ ಮನೆಯ ಸೊಸೆಯಂದಿರ ಪಾಡೂ ಅದೇ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಹೆರಿಗೆಗೆ 5000 ರೂಪಾಯಿ ಸಿಗುತ್ತದೆ. ಅದು ನೆರವು ಹೌದು; ತಿಂಗಳುಗಟ್ಟಲೆ ಕೂಲಿಗೆ ಸಮವಲ್ಲ.

26 ವಾರದ ಕೂಲಿ ಸಣ್ಣ ಬೆಳೆಗಾರನ ಶಕ್ತಿಗೆ ಮೀರಿದ್ದು. ಆ ಕಷ್ಟವನ್ನು ನಾನೂ ಬಲ್ಲೆ. ಆದರೆ ಆರು ವಾರವೆಂದರೆ 36 ದಿನದ ಕೂಲಿ. ಒಬ್ಬನಿಗೆ ಅದು ಭಾರವಾದರೂ ಸಂಘಕ್ಕೆ ಭಾರವಲ್ಲ. ಸದಸ್ಯರು ಮಾರುವ ಪ್ರತಿ ಮೂಟೆ ಕಾಫಿಗೆ, ಪ್ರತಿ ಕ್ವಿಂಟಾಲ್ ಅಡಿಕೆಗೆ ಒಂದಿಷ್ಟು ತೆಗೆದಿಟ್ಟು ಬಾಣಂತಿ ನಿಧಿಯೊಂದನ್ನು ಸ್ಥಾಪಿಸಬೇಕು, ಯಾವ ಸದಸ್ಯರ ತೋಟದಲ್ಲಿ ಹೆರಿಗೆಯಾದರೂ ಅದರಿಂದ ಕೂಲಿ ಸಲ್ಲಬೇಕು ಎಂಬ ಠರಾವನ್ನು ಬರುವ ಮಹಾಸಭೆಯ ಮುಂದೆ ಇಡಲಿದ್ದೇನೆ. ಕೆಲಸಕ್ಕೆ ಮರಳಿದ ಮೇಲೂ ಕೆಲವು ತಿಂಗಳು ಮೂಟೆ ಹೊರಿಸದೆ ಕಣದ ಹಗುರ ಕೆಲಸ ಕೊಡುವುದಕ್ಕೆ ಯಾವ ಠರಾವೂ ಬೇಕಿಲ್ಲ; ನಾಳೆಯಿಂದಲೇ ಮಾಡಬಹುದು.

ಕೊಯ್ಲು ಮುಗಿದು ಬಳಲಿದ ಗಿಡವನ್ನು ನಾವು ಹಾಗೇ ಬಿಡುವುದಿಲ್ಲ; ಕಸಿ ಮಾಡಿ, ಗೊಬ್ಬರ ಕೊಟ್ಟು, ಚೇತರಿಸಿಕೊಳ್ಳಲು ಸಮಯ ಕೊಡುತ್ತೇವೆ. ಆ ಗಿಡದ ಹಣ್ಣು ಕೊಯ್ಯುವ ಕೈಗೂ ಅಷ್ಟು ಸಲ್ಲಬೇಡವೇ? ಮಹಾಸಭೆಗೆ ತಪ್ಪದೆ ಬನ್ನಿ. ಆಕ್ಷೇಪಣೆಯಿದ್ದರೆ ಅಲ್ಲೇ ಹೇಳಿ; ಉತ್ತರ ಕೊಡಲು ನಾನು ಸಿದ್ಧನಿದ್ದೇನೆ.

— ಕಾರ್ಯದರ್ಶಿ