ಗಲ್ಫ್‌ನಲ್ಲಿ ಸ್ವಂತ ಗ್ಯಾರೇಜು: ಕೈಚಳಕದಷ್ಟೇ ಕಾಗದಪತ್ರವೂ ಮುಖ್ಯ

ಶಾರ್ಜಾದ ಕೈಗಾರಿಕಾ ಪ್ರದೇಶ, ದುಬೈನ ಅಲ್ ಕೂಸ್ ಮತ್ತು ರಾಸ್ ಅಲ್ ಖೋರ್, ಅಬುಧಾಬಿಯ ಮುಸಫ್ಫಾ. ಸಂಯುಕ್ತ ಅರಬ್ ಎಮಿರೇಟ್ಸ್, ಅಂದರೆ ಯುಎಇಯ ಈ ಬಡಾವಣೆಗಳಲ್ಲಿ ಬೀದಿಬೀದಿಗೂ ಗ್ಯಾರೇಜುಗಳಿವೆ. ಬಾನೆಟ್ ಎತ್ತಿ ನಿಲ್ಲಿಸಿದ ಕಾರುಗಳ ಸುತ್ತ ಮಲಯಾಳಂ, ಉರ್ದು, ಬಂಗಾಳಿ ಮಾತುಗಳ ನಡುವೆ ತುಳು, ಕೊಂಕಣಿ, ಕನ್ನಡವೂ ಕಿವಿಗೆ ಬೀಳುವುದುಂಟು. ಭಟ್ಕಳದಿಂದ ಮಂಗಳೂರಿನವರೆಗಿನ ಕರಾವಳಿಯ ಅನೇಕ ಕುಟುಂಬಗಳಿಗೆ ಗಲ್ಫ್ ಎಂದರೆ ಪರದೇಶಕ್ಕಿಂತ ಹೆಚ್ಚಾಗಿ ಇನ್ನೊಂದು ಊರು. ಐಟಿಐಯಲ್ಲಿ ಮೆಕ್ಯಾನಿಕ್ ತರಬೇತಿ ಪಡೆದು ಅಲ್ಲಿಗೆ ಹೋದ ಯುವಕ ಹತ್ತು ಹದಿನೈದು ವರ್ಷ ಪರರ ಗ್ಯಾರೇಜಿನಲ್ಲಿ ದುಡಿದ ಮೇಲೆ ಅವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇದೇ ಕೆಲಸವನ್ನು ನನ್ನದೇ ಗ್ಯಾರೇಜಿನಲ್ಲಿ ಏಕೆ ಮಾಡಬಾರದು?

ಪ್ರಶ್ನೆ ಸಹಜವಾದುದೇ. ಆದರೆ ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳಬಲ್ಲವನು ಕೂಡ ಕರಾರಿನ ಒಂದು ಷರತ್ತನ್ನು ಓದದೆ ಸಹಿ ಹಾಕಿ ಜೀವಮಾನದ ಉಳಿತಾಯವನ್ನು ಕಳೆದುಕೊಳ್ಳಬಹುದು. ಪರದೇಶದಲ್ಲಿ ಗ್ಯಾರೇಜು ತೆರೆಯುವವನು ಮೊದಲು ಕಲಿಯಬೇಕಾದದ್ದು ಆ ನೆಲದ ಕಾನೂನು.

ಫಲಕದಲ್ಲಿ ಯಾರ ಹೆಸರು?

1984ರ ಕಂಪನಿ ಕಾಯಿದೆಯಂತೆ ಯುಎಇಯ ಮುಖ್ಯಭೂಮಿಯಲ್ಲಿ ವಿದೇಶಿಯರು ಸೀಮಿತ ಹೊಣೆಗಾರಿಕೆಯ ಕಂಪನಿ ಸ್ಥಾಪಿಸಬೇಕಾದರೆ ಶೇ. 51ರಷ್ಟು ಪಾಲು ಅಲ್ಲಿನ ಪ್ರಜೆಯ ಹೆಸರಿನಲ್ಲಿ ಇರಲೇಬೇಕಿತ್ತು. ಹಣ ಹೂಡುವವನು, ದುಡಿಯುವವನು, ನಷ್ಟ ಭರಿಸುವವನು ವಲಸಿಗ. ಕಾಗದದ ಮೇಲೆ ಹೆಚ್ಚಿನ ಪಾಲಿನ ಒಡೆಯ ಮಾತ್ರ ಸ್ಥಳೀಯ ಪ್ರಾಯೋಜಕ. ಅವನಿಗೆ ವರ್ಷಕ್ಕಿಷ್ಟು ಎಂದು ಶುಲ್ಕ ಕೊಟ್ಟು, ನಿಜವಾದ ಒಡೆತನವನ್ನು ಪ್ರತ್ಯೇಕ ಒಪ್ಪಂದದಲ್ಲಿ ಬರೆದುಕೊಳ್ಳುವ ರೂಢಿ ಬೆಳೆದಿತ್ತು. ಸಂಬಂಧ ಚೆನ್ನಾಗಿರುವವರೆಗೆ ಎಲ್ಲವೂ ಸರಿ. ಪ್ರಾಯೋಜಕ ಶುಲ್ಕ ಏರಿಸಿದರೆ, ಅಥವಾ ತೀರಿಕೊಂಡು ವಾರಸುದಾರರು ಬಂದು ನಿಂತರೆ, ಆ ಒಪ್ಪಂದಕ್ಕೆ ನ್ಯಾಯಾಲಯದಲ್ಲಿ ಎಷ್ಟು ಬೆಲೆ ಎಂಬುದು ಅನುಮಾನವೇ ಆಗಿತ್ತು.

ಈ ಸ್ಥಿತಿ 2021ರ ಜೂನ್ 1ರಿಂದ ಬದಲಾಯಿತು. ಕಂಪನಿ ಕಾಯಿದೆಗೆ ತಂದ ತಿದ್ದುಪಡಿಯಿಂದಾಗಿ ಬಹುತೇಕ ವಾಣಿಜ್ಯ ಚಟುವಟಿಕೆಗಳಲ್ಲಿ ವಿದೇಶಿಯರಿಗೆ ಶೇ. 100ರಷ್ಟು ಒಡೆತನ ಸಾಧ್ಯವಾಯಿತು. ಯಾವ ಚಟುವಟಿಕೆಗೆ ಈ ಅವಕಾಶವಿದೆ ಎಂಬುದನ್ನು ಆಯಾ ಎಮಿರೇಟಿನ ಆರ್ಥಿಕ ಇಲಾಖೆ ನಿರ್ಧರಿಸುತ್ತದೆ. ಆದ್ದರಿಂದ ಯಾಂತ್ರಿಕ ದುರಸ್ತಿ, ವಿದ್ಯುತ್ ದುರಸ್ತಿ, ಬಣ್ಣ ಬಳಿಯುವುದು, ಟೈರು ಬದಲಾವಣೆ ಎಂಬ ಪ್ರತಿಯೊಂದು ಕೆಲಸವೂ ಪರವಾನಗಿಯಲ್ಲಿ ಸೇರಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಮುಕ್ತ ವಲಯಗಳ ಜಾಹೀರಾತಿಗೆ ಮರುಳಾಗುವವರೂ ಉಂಟು. 1985ರಲ್ಲಿ ಸ್ಥಾಪನೆಯಾದ ಜೆಬೆಲ್ ಅಲಿಯಿಂದ ಮೊದಲ್ಗೊಂಡು ಅಂತಹ ವಲಯಗಳಲ್ಲಿ ಪೂರ್ಣ ಒಡೆತನ ಹಿಂದಿನಿಂದಲೂ ಇತ್ತು. ಆದರೆ ಅಲ್ಲಿನ ಪರವಾನಗಿ ಹಿಡಿದು ನಗರದ ಬೀದಿಯಲ್ಲಿ ಗ್ಯಾರೇಜು ತೆರೆಯಲಾಗದು. ದಾರಿಹೋಕನ ಕಾರನ್ನೇ ನಂಬಿರುವ ಉದ್ಯಮಕ್ಕೆ ಮುಖ್ಯಭೂಮಿಯ ಪರವಾನಗಿಯೇ ಬೇಕು.

ಹಳೆಯ ಧಣಿ, ಹೊಸ ವೀಸಾ

ಉದ್ಯೋಗ ವೀಸಾದಲ್ಲಿರುವ ಮೆಕ್ಯಾನಿಕ್ ಅನುಮತಿಯಿಲ್ಲದೆ ಬೇರೆಡೆ ದುಡಿಯುವುದು ಅಪರಾಧ. ಸ್ನೇಹಿತನ ಹೆಸರಿನಲ್ಲಿ ಗ್ಯಾರೇಜು ತೆರೆದು ಸಂಜೆ ಹೊತ್ತು ತಾನು ನಡೆಸುತ್ತೇನೆ ಎಂಬ ಯೋಜನೆ ಬಹಳ ಅಪಾಯಕಾರಿ. ಉದ್ಯೋಗದಿಂದ ಕ್ರಮಬದ್ಧವಾಗಿ ಬಿಡುಗಡೆ ಪಡೆದು, ಪಾಲುದಾರ ಅಥವಾ ಹೂಡಿಕೆದಾರನ ವೀಸಾಕ್ಕೆ ಬದಲಾಗುವುದೇ ಸರಿಯಾದ ಮಾರ್ಗ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಕಾಯಿದೆಯು, ಕೆಲಸ ಬಿಟ್ಟವನು ಗರಿಷ್ಠ 2 ವರ್ಷ ತನ್ನೊಡನೆ ಸ್ಪರ್ಧೆಗಿಳಿಯಬಾರದೆಂಬ ಷರತ್ತು ಹಾಕಲು ಮಾಲೀಕನಿಗೆ ಅವಕಾಶ ನೀಡಿದೆ. ಹಳೆಯ ಗ್ಯಾರೇಜಿನ ಗಿರಾಕಿಗಳನ್ನೇ ನೆಚ್ಚಿ ಹೊರಡುವವರು ತಮ್ಮ ಉದ್ಯೋಗ ಕರಾರನ್ನು ಮತ್ತೊಮ್ಮೆ ಓದಿಕೊಳ್ಳಬೇಕು.

ಬಾಡಿಗೆ ಮತ್ತು ಚೆಕ್ಕು

ಬಾಡಿಗೆ ಕರಾರಿಲ್ಲದೆ ಪರವಾನಗಿ ಕೈಗೆ ಬರುವುದಿಲ್ಲ. ದುಬೈನಲ್ಲಿ ಈ ಕರಾರನ್ನು 'ಇಜಾರಿ' ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಮೇಲಾಗಿ ಅಗ್ನಿಸುರಕ್ಷತೆಗೆ ಸಿವಿಲ್ ಡಿಫೆನ್ಸ್, ತ್ಯಾಜ್ಯ ನಿರ್ವಹಣೆಗೆ ನಗರಸಭೆಯ ಒಪ್ಪಿಗೆ ಅಗತ್ಯ. ಹಳೆಯ ಎಂಜಿನ್ ಆಯಿಲ್ಲನ್ನು ಚರಂಡಿಗೆ ಸುರಿಯುವಂತಿಲ್ಲ, ಸತ್ತ ಬ್ಯಾಟರಿಯನ್ನು ಕಸದ ತೊಟ್ಟಿಗೆ ಎಸೆಯುವಂತಿಲ್ಲ. ಮಾನ್ಯತೆ ಪಡೆದ ಸಂಸ್ಥೆಗೇ ಅವನ್ನು ಒಪ್ಪಿಸಬೇಕು. ಷೆಡ್ಡು ಅಗ್ಗವಾಗಿ ಸಿಕ್ಕಿತೆಂದು ಮುಂಗಡ ಕೊಟ್ಟ ಮೇಲೆ, ಆ ಜಾಗದಲ್ಲಿ ಬಣ್ಣ ಬಳಿಯುವ ಕೆಲಸಕ್ಕೆ ಅನುಮತಿಯೇ ಇಲ್ಲವೆಂದು ತಿಳಿದರೆ ಪ್ರಯೋಜನವೇನು?

ವಾರ್ಷಿಕ ಬಾಡಿಗೆಯನ್ನು ಮುಂದಿನ ದಿನಾಂಕ ನಮೂದಿಸಿದ ಚೆಕ್ಕುಗಳಲ್ಲಿ ಮೊದಲೇ ಬರೆದುಕೊಡುವುದು ಅಲ್ಲಿನ ವಾಡಿಕೆ. ಹಿಂದೆ ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳಿದರೆ ಜೈಲು ಸೇರಬೇಕಾಗುತ್ತಿತ್ತು. 2022ರ ಜನವರಿ 2ರಿಂದ ಹಣದ ಕೊರತೆಯ ಪ್ರಕರಣಗಳನ್ನು ಬಹುಮಟ್ಟಿಗೆ ಕ್ರಿಮಿನಲ್ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಇದರಿಂದ ಚೆಕ್ಕಿನ ಬಿಗಿ ಸಡಿಲವಾಯಿತೆಂದು ಭಾವಿಸಬಾರದು. ಚೆಕ್ಕು ಹಿಡಿದವನು ಈಗ ದೀರ್ಘ ವಿಚಾರಣೆಯಿಲ್ಲದೆ ನೇರವಾಗಿ ವಸೂಲಿಗೆ ನ್ಯಾಯಾಲಯದ ಮೆಟ್ಟಿಲೇರಬಹುದು. ಸಾಲಗಾರ ದೇಶ ಬಿಡದಂತೆ ನ್ಯಾಯಾಲಯ ಪ್ರಯಾಣ ನಿರ್ಬಂಧ ಹೇರಲೂಬಹುದು. ದುರುದ್ದೇಶದಿಂದ ಖಾತೆ ಮುಚ್ಚಿದವನಿಗೆ ಇಂದಿಗೂ ಶಿಕ್ಷೆ ತಪ್ಪಿದ್ದಲ್ಲ.

ಇಲ್ಲಿಯೇ ಉದ್ಯಮದ ಸ್ವರೂಪದ ಪ್ರಶ್ನೆ ಬರುತ್ತದೆ. ಒಬ್ಬನೇ ಒಡೆಯನಾಗಿರುವ ಏಕವ್ಯಕ್ತಿ ಸಂಸ್ಥೆಯಲ್ಲಿ ಗ್ಯಾರೇಜಿನ ಸಾಲವೆಲ್ಲ ಆ ವ್ಯಕ್ತಿಯ ಸ್ವಂತ ಸಾಲ. ಸೀಮಿತ ಹೊಣೆಗಾರಿಕೆಯ ಕಂಪನಿಯಲ್ಲಿ ಸಾಮಾನ್ಯವಾಗಿ ಹೂಡಿದ ಬಂಡವಾಳಕ್ಕಷ್ಟೇ ಹೊಣೆ. ಆರಂಭದ ಖರ್ಚು ತುಸು ಹೆಚ್ಚಾದರೂ ಎರಡನೆಯದು ಕುಟುಂಬಕ್ಕೆ ರಕ್ಷಣೆ. ಆದರೆ ಮಾಲೀಕನು ತನ್ನ ವೈಯಕ್ತಿಕ ಚೆಕ್ಕನ್ನೋ ಖಾತರಿಯನ್ನೋ ಕೊಟ್ಟರೆ ಈ ರಕ್ಷಣೆ ಅಲ್ಲಿಗೇ ಮುಗಿಯಿತು.

ಬಿಸಿಲು ಕೊಡುವ ಕೆಲಸ

ಕೆಲಸಕ್ಕಂತೂ ಬರವಿಲ್ಲ. ಬೇಸಿಗೆಯ ಉರಿಗೆ ಬ್ಯಾಟರಿಗಳು ಬೇಗ ಸಾಯುತ್ತವೆ, ಟೈರುಗಳು ಬಿರುಕು ಬಿಡುತ್ತವೆ, ಹವಾನಿಯಂತ್ರಕದ ಕಂಪ್ರೆಸರುಗಳು ಕೈಕೊಡುತ್ತವೆ. ಮರಳಿನ ಧೂಳು ಏರ್ ಫಿಲ್ಟರನ್ನು ಕಟ್ಟಿಹಾಕುತ್ತದೆ. ಗಲ್ಫ್ ಹವೆಗೆಂದೇ ತಯಾರಾದ ಕಾರುಗಳಿಗೂ ಹೊರಗಿನಿಂದ ಆಮದಾದ ಹಳೆಯ ಕಾರುಗಳಿಗೂ ಇರುವ ವ್ಯತ್ಯಾಸ ಬಲ್ಲ ಮೆಕ್ಯಾನಿಕ್‌ಗೆ ಗಿರಾಕಿಗಳು ತಾವಾಗಿಯೇ ಒದಗುತ್ತಾರೆ. 2024ರ ಏಪ್ರಿಲ್ 16ರಂದು 75 ವರ್ಷಗಳಲ್ಲೇ ಅತಿ ಹೆಚ್ಚಿನ ಮಳೆ ಸುರಿದು ದುಬೈ ಮತ್ತು ಶಾರ್ಜಾದ ರಸ್ತೆಗಳು ಕೆರೆಗಳಾದಾಗ, ಎಂಜಿನ್ನಿಗೆ ನೀರು ನುಗ್ಗಿದ ಕಾರುಗಳು ಗ್ಯಾರೇಜುಗಳ ಮುಂದೆ ಸಾಲುಗಟ್ಟಿದ್ದವು.

ಒಂದು ನಿಯಮವನ್ನು ಮಾತ್ರ ಮರೆಯಬಾರದು. ಅಪಘಾತಕ್ಕೀಡಾದ ವಾಹನವನ್ನು ಪೊಲೀಸ್ ವರದಿಯಿಲ್ಲದೆ ದುರಸ್ತಿ ಮಾಡುವಂತಿಲ್ಲ. ಊರಿನಲ್ಲಿ ಪರಿಚಯದವರ ಬಂಪರನ್ನು ತಟ್ಟಿ ಸರಿಪಡಿಸಿದಂತೆ ಅಲ್ಲಿ ಮಾಡಿದರೆ ದಂಡ ಕಟ್ಟಬೇಕಾದೀತು. ವಿಮಾ ಕಂಪನಿಗಳ ಕೆಲಸ ಹಿಡಿದರೆ ಆದಾಯ ಸ್ಥಿರವೇನೋ ಹೌದು, ಹಣ ಬರುವುದು ಮಾತ್ರ ತಡವಾಗಿ. ಅಷ್ಟರೊಳಗೆ ಬಾಡಿಗೆಯ ಚೆಕ್ಕು ಬ್ಯಾಂಕಿಗೆ ಹೋಗಿರುತ್ತದೆ. ಲಾಭದಲ್ಲಿರುವ ಗ್ಯಾರೇಜೂ ಎಡವುವುದು ಈ ನಡುವಿನ ತಿಂಗಳುಗಳಲ್ಲಿ. ಆರು ತಿಂಗಳ ಬಾಡಿಗೆ ಮತ್ತು ಸಂಬಳದಷ್ಟು ಹಣವನ್ನು ಮುಟ್ಟದೆ ಇಟ್ಟುಕೊಂಡೇ ಬಾಗಿಲು ತೆರೆಯುವುದು ಜಾಣತನ.

ಕಾರ್ಮಿಕ ಮಾಲೀಕನಾದಾಗ

ನಿನ್ನೆಯ ಕೆಲಸಗಾರ ಇಂದು ನಾಲ್ವರಿಗೆ ಕೆಲಸ ಕೊಡುವವನು. ಊರಿನಿಂದ ಸೋದರಳಿಯನನ್ನೋ ನೆರೆಮನೆಯ ಹುಡುಗನನ್ನೋ ಕರೆಸಿಕೊಳ್ಳುವುದು ಸಾಮಾನ್ಯ. ಕಾಯಿದೆಗೆ ನೆಂಟಸ್ತಿಕೆ ಗೊತ್ತಿಲ್ಲ. ವೀಸಾ ಮತ್ತು ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಅವನ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವಂತಿಲ್ಲ. ಸಂಬಳವು 2009ರಲ್ಲಿ ಆರಂಭವಾದ ವೇತನ ಸಂರಕ್ಷಣಾ ವ್ಯವಸ್ಥೆಯ ಮೂಲಕವೇ ಸಂದಾಯವಾಗಬೇಕು. ಒಂದು ವರ್ಷ ಪೂರೈಸಿದವನಿಗೆ ಮೊದಲ 5 ವರ್ಷಗಳ ಲೆಕ್ಕದಲ್ಲಿ ವರ್ಷಕ್ಕೆ 21 ದಿನಗಳ ಮೂಲವೇತನ, ಅನಂತರದ ಪ್ರತಿ ವರ್ಷಕ್ಕೆ 30 ದಿನಗಳದ್ದು ಗ್ರಾಚ್ಯುಟಿಯಾಗಿ ಸಲ್ಲಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ತೆರೆದ ಬಿಸಿಲಿನಲ್ಲಿ ಕೆಲಸ ಮಾಡಿಸುವುದು ನಿಷಿದ್ಧ. ತಾನು ಅನುಭವಿಸಿದ ಕಷ್ಟವನ್ನು ಇನ್ನೊಬ್ಬನಿಗೆ ದಾಟಿಸದಿರುವುದು ಕಾನೂನಿಗಿಂತ ಮಿಗಿಲಾದ ಮಾತು.

ತೆರಿಗೆಯಿಲ್ಲದ ನಾಡೆಂಬ ಮಾತೂ ಹಳೆಯದಾಯಿತು. 2018ರ ಜನವರಿಯಿಂದ ಶೇ. 5ರ ಮೌಲ್ಯವರ್ಧಿತ ತೆರಿಗೆ ಇದೆ. ವರ್ಷದ ವಹಿವಾಟು 3,75,000 ದಿರ್ಹಮ್ ಮೀರಿದರೆ ನೋಂದಣಿ ಕಡ್ಡಾಯ. 2023ರ ಜೂನ್‌ನಿಂದ ಆರಂಭವಾದ ಲೆಕ್ಕವರ್ಷಗಳಿಗೆ, 3,75,000 ದಿರ್ಹಮ್‌ಗಿಂತ ಹೆಚ್ಚಿನ ಲಾಭದ ಮೇಲೆ ಶೇ. 9ರ ಕಂಪನಿ ತೆರಿಗೆಯೂ ಬಂದಿದೆ. ಲಾಭವಿಲ್ಲದಿದ್ದರೂ ಕಂಪನಿ ನೋಂದಾಯಿಸಿಕೊಳ್ಳಬೇಕು. ಚೀಟಿಯಲ್ಲಿ ಬರೆದಿಡುವ ಲೆಕ್ಕ ಇನ್ನು ನಡೆಯದು.

ಮರಳುವ ದಾರಿ

ಬಂಡವಾಳ ಎಲ್ಲಿಂದ ಎಂಬುದು ಕೊನೆಯ, ಆದರೆ ಅತಿ ಮುಖ್ಯ ಪ್ರಶ್ನೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು. ಹಾಗೆಂದು ಊರಿನ ಮನೆ, ತೋಟವನ್ನು ಒತ್ತೆಯಿಟ್ಟು ಕಳುಹಿಸುವುದು ವಿವೇಕವೇ? ಯುಎಇಯಲ್ಲಿ ಎಷ್ಟೇ ವರ್ಷ ದುಡಿದರೂ ಸಾಮಾನ್ಯ ವಲಸಿಗನ ವಾಸವು ವೀಸಾ ನವೀಕರಣಕ್ಕೆ ಅಂಟಿಕೊಂಡಿರುತ್ತದೆ. ಹೂಡಿಕೆದಾರನ ವೀಸಾ ಗ್ಯಾರೇಜಿನ ಪರವಾನಗಿಗೆ, ಆ ಪರವಾನಗಿ ವರ್ಷವರ್ಷದ ಬಾಡಿಗೆ ಕರಾರಿಗೆ ಗಂಟುಬಿದ್ದಿದೆ. ಒಂದು ಕೊಂಡಿ ಕಳಚಿದರೆ ಉದ್ಯಮದ ಜೊತೆಗೆ ಮಕ್ಕಳ ಶಾಲೆ, ಸಂಸಾರ ಎಲ್ಲವೂ ಅಲುಗಾಡುತ್ತದೆ.

ಆದುದರಿಂದ ಅಲ್ಲಿ ಉಳಿಸಿದ್ದನ್ನು ಅಲ್ಲಿ ಹೂಡಿ, ಊರಿನ ಸೂರನ್ನು ಮಾತ್ರ ಪಣಕ್ಕಿಡದಿರುವುದು ಒಳಿತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಗ್ಯಾರೇಜಿನವನಿಗೂ ಸಲ್ಲುತ್ತದೆ. ಮಸಿ ಮೆತ್ತಿದ ಆ ಕೈಯನ್ನು ಒರೆಸಿಕೊಂಡು, ಸಹಿ ಹಾಕುವ ಪ್ರತಿ ಹಾಳೆಯನ್ನೂ ಓದುವ, ಅರಬ್ಬಿಯಲ್ಲಿದ್ದರೆ ಓದಿಸಿ ತಿಳಿದುಕೊಳ್ಳುವ ತಾಳ್ಮೆಯೂ ಇದ್ದರೆ, ಫಲಕದ ಮೇಲಿನ ಹೆಸರು ನಿಜಕ್ಕೂ ಅವನದೇ ಆಗಿ ಉಳಿದೀತು.