ಗಡಿ ಗೀಚಿದ್ದು ಗುಡ್ಡದ ಸಾಲು
ಹೊಸೂರು ತಮಿಳುನಾಡಿಗೆ ಸೇರಿದ್ದು ಹೇಗೆ? ರಾಯಕೋಟೆ ಬೆಟ್ಟವನ್ನು ಕೇಳಿ

ಕೃಷ್ಣಗಿರಿ: ಅತ್ತಿಬೆಲೆ ದಾಟಿದರೆ ಬೋರ್ಡುಗಳ ಭಾಷೆ ಬದಲಾಗುತ್ತದೆ, ಮನೆಮಾತು ಬದಲಾಗುವುದಿಲ್ಲ. ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲದ ಸಂತೆಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಟ್ಟಿಗೇ ಓಡಾಡುತ್ತವೆ. ಕನ್ನಡದ ಮನೆಗಳಲ್ಲಿ ಮಕ್ಕಳು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: 'ನಾವು ಕನ್ನಡ ಮಾತಾಡ್ತೀವಿ, ಮತ್ತೆ ನಮ್ಮೂರು ಕರ್ನಾಟಕದಲ್ಲಿ ಯಾಕಿಲ್ಲ?'

ದೊಡ್ಡವರು 1956ರ ರಾಜ್ಯ ಪುನರ್ವಿಂಗಡಣೆ ಕಡೆ ಕೈತೋರಿಸಿ ಸುಮ್ಮನಾಗುವುದೇ ಹೆಚ್ಚು. ಆದರೆ ಕಥೆ ಅದಕ್ಕಿಂತ ಒಂದೂವರೆ ಶತಮಾನ ಹಳೆಯದು. ಅದರಲ್ಲಿ ಭಾಷೆಯ ಮಾತೇ ಬರುವುದಿಲ್ಲ. ಬರುವುದೆಲ್ಲ ಬೆಟ್ಟ, ಘಾಟಿ, ಕೋಟೆ!

ಘಟ್ಟದ ಮೇಲೆ, ಘಟ್ಟದ ಕೆಳಗೆ

ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸುಮಾರು 50 ಕಿ.ಮೀ. ದೂರದ ಕೃಷ್ಣಗಿರಿ 500 ಮೀಟರ್ ಆಸುಪಾಸು. ಅಂದರೆ ಮೈಸೂರು ಸೀಮೆಯ ಪ್ರಸ್ಥಭೂಮಿ ಇಲ್ಲಿಗೆ ಮುಗಿದು, ನೆಲ ಮೆಟ್ಟಿಲಿನ ಹಾಗೆ ಕೆಳಗಿಳಿಯುತ್ತದೆ. ಆ ಮೆಟ್ಟಿಲ ಅಂಚಿನಲ್ಲೂ ಅದರ ಕೆಳಗೂ ಬೆಟ್ಟಗಳ ಸಾಲು.

ಹಳೇ ಸೇಲಂ ಜಿಲ್ಲೆಯ ಕಂದಾಯ ದಾಖಲೆಗಳು ಈ ಸೀಮೆಯನ್ನು ಮೂರು ಪಾಲು ಮಾಡಿದ್ದವು. ಘಟ್ಟದ ಕೆಳಗಿನ ಸೇಲಂ ಕಡೆಯದು ತಳಘಾಟ್, ಕೃಷ್ಣಗಿರಿ ಸುತ್ತಲಿನದು ಬಾರಾಮಹಲ್, ಹೊಸೂರು ಕಡೆಯದು ಬಾಲಾಘಾಟ್. ಪಾರ್ಸಿಯಲ್ಲಿ 'ಬಾಲಾ' ಎಂದರೆ ಮೇಲೆ. ಬಾರಾಮಹಲ್ ಎಂದರೆ ಹನ್ನೆರಡು ಅರಮನೆ ಎಂದು ಜನ ಹೇಳುವುದುಂಟು. ಮರಾಠಿ ಬಲ್ಲವರಿಗೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಅಲ್ಲಿ 'ಮಹಾಲ' ಅಂದರೆ ಕಂದಾಯದ ಒಂದು ವಿಭಾಗ. ಯಾವ ಅರ್ಥ ಹಿಡಿದರೂ ಈ ಸೀಮೆಯ ಹಿಡಿತ ಇದ್ದದ್ದು ಬೆಟ್ಟದ ಕೋಟೆಗಳಲ್ಲೇ.

250 ಕೋಟಿ ವರ್ಷದ ಬಂಡೆ

ಈ ಬೆಟ್ಟಗಳು ಹಿಮಾಲಯದ ಹಾಗೆ ನೆಲ ಮಡಚಿಕೊಂಡು ಎದ್ದವಲ್ಲ. ಇಲ್ಲಿನ ನೈಸ್ ಮತ್ತು ಗ್ರಾನೈಟ್ ಶಿಲೆಗಳು ಸುಮಾರು 250 ಕೋಟಿ ವರ್ಷ ಹಳೆಯವು, ಭೂಮಿಯ ಆಳದಲ್ಲಿ ರೂಪುಗೊಂಡವು. ಕೋಟ್ಯಂತರ ವರ್ಷಗಳ ಮಳೆ, ಬಿಸಿಲು, ಗಾಳಿಗೆ ಸುತ್ತಲಿನ ಬಿರುಕು ಬಿಟ್ಟ ಕಲ್ಲು ಕರಗಿ ಮಣ್ಣಾಯಿತು. ಬಿರುಕಿಲ್ಲದ ಗಟ್ಟಿ ಬಂಡೆ ಮಾತ್ರ ಒಂಟಿ ಬೆಟ್ಟವಾಗಿ ಉಳಿಯಿತು.

ಇಂಥ ಬಂಡೆಯ ಮೈ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ. ಬಂಡೆ ಬಿರಿದಲ್ಲಿ, ತಗ್ಗಾದಲ್ಲಿ ಮಳೆನೀರು ನಿಲ್ಲುತ್ತದೆ. ಅದನ್ನೇ ನಾವು ದೊಣೆ ಎನ್ನುವುದು. ಬೆಟ್ಟದ ತುದಿಯಲ್ಲಿ ಕೋಟೆ ಕಟ್ಟಿ ತಿಂಗಳುಗಟ್ಟಲೆ ಕೂರಲು ಬೇಕಾದ ಮೂರನ್ನೂ ಬಂಡೆಯೇ ಕೊಟ್ಟಿತು. ಏರಲಾಗದ ಕಡಿದಾದ ಮೈ, ಗೋಡೆಗೆ ಕಲ್ಲು, ಕುಡಿಯಲು ನೀರು.

ಇನ್ನೊಂದು ಜಾತಿಯ ಏಣೂ ಇಲ್ಲಿದೆ. ಕರಿಕಲ್ಲಿನ ಗುಂಡುಗಳು ಸಾಲಾಗಿ ಬಿದ್ದಿರುವ ಉದ್ದನೆಯ ದಿಣ್ಣೆಗಳನ್ನು ನೋಡಿರಬಹುದು. ಹಳೇ ಬಂಡೆಯ ಬಿರುಕಿಗೆ ಕೆಳಗಿನಿಂದ ನುಗ್ಗಿದ ಲಾವಾರಸ ಅಲ್ಲೇ ಗಟ್ಟಿಯಾಗಿ ಆದ ಪಟ್ಟಿಗಳಿವು. ಬೆಂಗಳೂರು ಸುತ್ತಲಿನ ಇಂಥ ಪಟ್ಟಿಗಳ ವಯಸ್ಸು ಸುಮಾರು 237 ಕೋಟಿ ವರ್ಷ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮಾರುಕಟ್ಟೆಯಲ್ಲಿ ಇದಕ್ಕೇ 'ಬ್ಲ್ಯಾಕ್ ಗ್ರಾನೈಟ್' ಎಂಬ ಹೆಸರು.

ಕೋಟೆಗೂ ಮುಂಚೆ

ರಾಜರು ಬರುವ ಮೊದಲೇ ಗುಡ್ಡಗಳಲ್ಲಿ ಜನ ಇದ್ದರು. ಮಲ್ಲಚಂದ್ರಂ ಗುಡ್ಡದ ಮೇಲೆ ಚಪ್ಪಡಿ ಕಲ್ಲು ನಿಲ್ಲಿಸಿ ಕಟ್ಟಿದ ಬೃಹತ್ ಶಿಲಾಯುಗದ ಸಮಾಧಿಗಳ ಗುಂಪೇ ಇದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದಲ್ಲಿರುವುದೂ ಇದೇ ಬಗೆಯ ಕಲ್ಮನೆಗಳು. ಬಂಡೆಯಿಂದ ಪದರವಾಗಿ ಬಿಟ್ಟ ಚಪ್ಪಡಿ ಸ್ಥಳದಲ್ಲೇ ಸಿಗುತ್ತಿದ್ದುದರಿಂದ ಗುಡ್ಡದ ನೆತ್ತಿಯೇ ಅವರಿಗೆ ಅನುಕೂಲದ ಜಾಗ.

ಬರಗೂರು ಕಡೆಯ ಮಯಿಲಾಡುಂಪಾರೈನಲ್ಲಿ ಸಿಕ್ಕ ಕಬ್ಬಿಣದ ಕುರುಹು ಕ್ರಿ.ಪೂ. 2172ರಷ್ಟು ಹಳೆಯದು ಎಂದು 2022ರಲ್ಲಿ ತಮಿಳುನಾಡು ಸರ್ಕಾರ ಪ್ರಕಟಿಸಿತು. ಊರ ಹೆಸರಿಗೆ ನವಿಲು ಕುಣಿಯುವ ಬಂಡೆ ಎಂದರ್ಥ!

ಕಲ್ಲು ಉರುಳಿಸಿ ತಡೆದರು

ಈಗ ಯುದ್ಧದ ಮಾತು. ಹೈದರ್ ಅಲಿ ಕಾಲದಲ್ಲಿ ಇಲ್ಲಿನ ಕೋಟೆಗಳು ಮೈಸೂರಿನ ಕೈಯಲ್ಲಿದ್ದವು. ಕೆಳಗಿನ ಕರ್ನಾಟಿಕ್ ಸೀಮೆಯಿಂದ ಬೆಂಗಳೂರಿಗೆ ಬರುವ ಸೈನ್ಯ, ಅದರ ಹಿಂದೆ ಅಕ್ಕಿ ಹೇರಿಕೊಂಡು ಬರುವ ಎತ್ತುಗಳು, ಎಲ್ಲವೂ ಈ ಬೆಟ್ಟಗಳ ಸಂದಿಯಲ್ಲೇ ಹಾಯಬೇಕು. ಮೇಲೆ ಕೂತವನ ಕಣ್ಣು ತಪ್ಪಿಸಿ ಏನೂ ಹತ್ತುವಂತಿರಲಿಲ್ಲ.

1767ರ ಜೂನ್‌ನಲ್ಲಿ ಇಂಗ್ಲಿಷರು ಕೃಷ್ಣಗಿರಿ ಕೋಟೆಗೆ ಲಗ್ಗೆ ಹಾಕಿ ಸೋತರು. ಆಮೇಲೆ ಸುತ್ತುಗಟ್ಟಿ ದಾರಿ ಬಂದ್ ಮಾಡಿ ಕೂತರು. ಕೋಟೆ ಶರಣಾಗಿದ್ದು 1768ರ ಮೇನಲ್ಲಿ. ಮುಂದೆ ಅದು ಮತ್ತೆ ಮೈಸೂರಿನ ಪಾಲಾಯಿತು. 1791ರ ನವೆಂಬರ್‌ನಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್ ರಾತ್ರಿ ದಾಳಿ ಮಾಡಿದ. ಕೆಳಕೋಟೆ ಸಿಕ್ಕಿತು, ಮೇಲುಕೋಟೆ ಸಿಗಲಿಲ್ಲ. ಮೇಲಿನಿಂದ ಟಿಪ್ಪು ಸೈನಿಕರು ಉರುಳಿಸಿದ ಕಲ್ಲುಗಳಿಗೆ ಅವನ ಏಣಿಗಳು, ಆಳುಗಳು ತಡೆಯಲಿಲ್ಲ. ಈಗ ಸೈಯದ್ ಬಾಷಾ ಬೆಟ್ಟ ಎಂದು ಜನ ಕರೆಯುವುದು ಇದನ್ನೇ.

ಟೊಮೆಟೊ ಮಂಡಿಗೆ ಹೆಸರಾದ ರಾಯಕೋಟೆಯ ಕಥೆ ಬೇರೆ. ಅದು ಘಾಟಿಯ ಬಾಗಿಲು. 1791ರ ಜುಲೈನಲ್ಲಿ ಮೇಜರ್ ಗೌಡಿ ಮೊದಲು ಹೊಸೂರು, ಕೆಲವೇ ದಿನದಲ್ಲಿ ರಾಯಕೋಟೆ ಹಿಡಿದ. ಬೆಂಗಳೂರಿಗೆ ದವಸ ಸಾಗಿಸುವ ದಾರಿ ಇಂಗ್ಲಿಷರಿಗೆ ಖುಲ್ಲಾ ಆಯಿತು.

ಬಾಗಿಲ ಜೊತೆ ಅಂಗಳ

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲನ್ನು ಬಿಟ್ಟುಕೊಟ್ಟ. ರಾಯಕೋಟೆಯೂ ಕಂಪನಿಗೆ ಹೋಯಿತು. ಘಟ್ಟದ ಮೇಲಿನ ಹೊಸೂರು ಸೀಮೆ ಮಾತ್ರ ಮೈಸೂರಿನಲ್ಲೇ ಉಳಿಯಿತು. ಆಗಿನ ಗಡಿ ಎಂದರೆ ಬೆಟ್ಟದ ಅಂಚು.

1799ರ ಮಾರ್ಚ್‌ನಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ ಇದೇ ರಾಯಕೋಟೆ ಮಾರ್ಗವಾಗಿ ಮೈಸೂರು ಸೀಮೆಗೆ ನುಗ್ಗಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ರಾಜ್ಯ ಹಂಚುವಾಗ ಒಡೆಯರ್ ಮನೆತನಕ್ಕೆ ಮೈಸೂರು ಕೊಟ್ಟ ಕಂಪನಿ, ಪ್ರಸ್ಥಭೂಮಿಗೆ ಹತ್ತುವ ಘಾಟಿಗಳ ತುದಿಯನ್ನೆಲ್ಲ ತನ್ನ ಹತ್ತಿರ ಇಟ್ಟುಕೊಂಡಿತು. ಮುಂದೆಂದಾದರೂ ಮೈಸೂರು ತಿರುಗಿಬಿದ್ದರೆ ಸೈನ್ಯ ಕಷ್ಟವಿಲ್ಲದೆ ಹತ್ತಬೇಕಲ್ಲ! ಬಾಗಿಲು ಕೈಯಲ್ಲಿರಬೇಕಾದರೆ ಅದರ ಮುಂದಿನ ಅಂಗಳವೂ ಬೇಕು. ಹಾಗೆ ಹೊಸೂರು, ಡೆಂಕಣಿಕೋಟೆ ಕಡೆಯ ಕನ್ನಡದ ಊರುಗಳು ಮದರಾಸು ಲೆಕ್ಕಕ್ಕೆ ಹೋದವು.

ಆ ಗೆರೆಯೇ ಸೇಲಂ ಜಿಲ್ಲೆಯ ಗಡಿಯಾಯಿತು. 1956ರಲ್ಲೂ ಹೊಸೂರು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರ ಫೆಬ್ರವರಿಯಲ್ಲಿ ಕೃಷ್ಣಗಿರಿ ಜಿಲ್ಲೆ ಆದಾಗಲೂ ಗೆರೆ ಕದಲಲಿಲ್ಲ.

ಉಳಿಯುವುದು ಎಷ್ಟು?

ಇಷ್ಟೆಲ್ಲ ಕಥೆ ಹೊತ್ತ ಗುಡ್ಡಗಳಿಗೆ ಈಗ ಬೆಲೆ ಕಟ್ಟುವುದು ಕ್ಯೂಬಿಕ್ ಮೀಟರ್ ಲೆಕ್ಕದಲ್ಲಿ. ಕೃಷ್ಣಗಿರಿ ಕಡೆಯ 'ಪ್ಯಾರಡೈಸೋ' ಗ್ರಾನೈಟ್ ವಿದೇಶಕ್ಕೂ ಹೋಗುತ್ತದೆ. ಕ್ವಾರಿ ನಂಬಿ ಬದುಕುವ ಸಂಸಾರಗಳು ನಮ್ಮವರಲ್ಲೂ ಇವೆ. ಕಲ್ಲು ತೆಗೆಯಲೇಬೇಡಿ ಎಂದರೆ ಅವರ ಹೊಟ್ಟೆ ತುಂಬುವುದಿಲ್ಲ, ಸರಿ. ಆದರೆ ಮಣ್ಣು ತೆಗೆದ ಗುಂಡಿ ಎಂದಾದರೂ ತುಂಬೀತು, ಒಡೆದ ಬೆಟ್ಟ ಮತ್ತೆ ಬೆಳೆಯುವುದಿಲ್ಲ.

ಕೃಷ್ಣಗಿರಿ, ರಾಯಕೋಟೆ ಕೋಟೆಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರಲ್ಲಿ ತಿದ್ದುಪಡಿಯಾದ ಕಾಯ್ದೆ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಪಟ್ಟಿಗೆ ಸೇರದ ಗುಡ್ಡಗಳಿಗೆ, ಅಲ್ಲಿನ ಕಲ್ಮನೆ, ವೀರಗಲ್ಲುಗಳಿಗೆ ಈ ಕಾವಲು ಇಲ್ಲ. ಅವುಗಳಿಗೆ ಕಾವಲು ಎಂದರೆ ಊರವರ ನೆನಪು ಮಾತ್ರ.

ಆ ನೆನಪಿರುವುದು ಹೆಚ್ಚಾಗಿ ಕನ್ನಡ, ತೆಲುಗು ಹೆಸರುಗಳಲ್ಲಿ. ನಕ್ಷೆಯಲ್ಲಿ ಇಲ್ಲದ ದಿಣ್ಣೆ, ದೊಣೆ, ಬಂಡೆಯ ಹೆಸರು ಗೊತ್ತಿರುವುದು ಅಜ್ಜ ಅಜ್ಜಿಯರಿಗೆ. ಗಡಿನಾಡ ಕನ್ನಡ ಶಾಲೆಗಳ ಮೇಷ್ಟ್ರುಗಳು ಮನಸ್ಸು ಮಾಡಿದರೆ ಒಂದು ರಜೆಯಲ್ಲಿ ಮಕ್ಕಳಿಂದಲೇ ಈ ಹೆಸರುಗಳನ್ನು ಬರೆಸಿಡಬಹುದು. ಜಾಗ, ಹೆಸರು, ಹೇಳಿದವರ ಊರು, ಒಂದು ಫೋಟೊ, ಇಷ್ಟಿದ್ದರೆ ಸಾಕು. ನಾಳೆ ಒಂದು ಗುಡ್ಡ ಹರಾಜಿಗೆ ಬಂದಾಗ 'ಇಲ್ಲಿ ಇಂಥದ್ದು ಇದೆ' ಎಂದು ಕಲೆಕ್ಟರ್ ಕಚೇರಿಗೆ ಅರ್ಜಿ ಕೊಡಲು ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.